ಇಪ್ಪತ್ಮೂರು ಮಿಲಿಮೀಟರ್

ಬೆಂಗಳೂರಿನ ಕಚೇರಿಯಿಂದ ಬಂದ ಕಾಗದವನ್ನು ಸಂಜೀವಪ್ಪ ಮಂಚದ ಮೇಲೆ ಕೂತು ಮೂರು ಸಲ ಓದಿದ. ಜೂನ್ ತಿಂಗಳ ಹವಾಮಾನ ವರದಿಯ ಷರಾಗಳು ಬಹಳ ಸೊಗಸಾಗಿವೆ, ಮಾದರಿಗೆಂದು ಬೇರೆ ಕೇಂದ್ರಗಳಿಗೂ ಕಳಿಸಿದ್ದೇವೆ, ಹೀಗೇ ಮುಂದುವರಿಸುವುದು ಎಂದಿತ್ತು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವನಿಗೆ ಬಂದ ಮೊದಲ ಮೆಚ್ಚುಗೆ ಅದು. ಆದರೆ ಆ ವರದಿಯಲ್ಲಿ ಅವನದು ಅಂತ ಇದ್ದದ್ದು ಕೊನೆಯ ಸಹಿ ಮಾತ್ರ. ಉಳಿದದ್ದನ್ನೆಲ್ಲ ಬರೆದವಳು ಅವನ ಹೆಂಡತಿ ಅನುಸೂಯಮ್ಮ.

ದೇವನಹಳ್ಳಿಯ ಹೊರಗೆ, ದಿಣ್ಣೆಯ ಮೇಲೆ ಬಿಳಿಯರು ಕಟ್ಟಿಸಿದ ಹವಾ ವೀಕ್ಷಣಾಲಯದಲ್ಲಿ ಅವನು ವೀಕ್ಷಕ. ಅಲ್ಲಿನ ಬೀರುವಿನಲ್ಲಿ ೧೮೯೩ರಿಂದ ಈ ೧೯೬೬ರವರೆಗೆ ಒಂದು ದಿನವೂ ತಪ್ಪದ ಮಳೆಯ ದಾಖಲೆಯಿತ್ತು. ಮೇ ಕೊನೆಯಲ್ಲಿ ಗಾಳಿಯ ದಿಕ್ಕು ತೋರುವ ಗಾಳಿಕೋಳಿಗೆ ಎಣ್ಣೆ ಬಿಡಲು ಏಣಿ ಹತ್ತಿದವನು ಜಾರಿ ಬಿದ್ದು ಕಾಲು ಮುರಿದುಕೊಂಡ. ದಾಖಲೆ ತುಂಡಾಗಬಾರದೆಂದು ತಾನೇ ಹೆಂಡತಿಗೆ ಅಳತೆ ನೋಡುವುದನ್ನು ಹೇಳಿಕೊಟ್ಟ. ಕಂಡದ್ದನ್ನು ಕಂಡ ಹಾಗೆ ಬರಿ, ನಿನ್ನದೇನೂ ಸೇರಿಸಬೇಡ ಎಂದಿದ್ದ.

ಅವಳು ಹಾಗೇ ಮಾಡಿದ್ದಳು. ಅವನು ‘ಭಾಗಶಃ ಮೋಡ’ ಎಂದು ಬರೆದು ಮುಗಿಸುತ್ತಿದ್ದ ಜಾಗದಲ್ಲಿ ಅವಳು, ‘ಎಂಟೂವರೆಗೆ ನಂದಿ ಬೆಟ್ಟ ಕಾಣಲಿಲ್ಲ. ಹತ್ತಕ್ಕೆ ಬುಡ ಕಂಡಿತು, ನೆತ್ತಿ ಕಾಣಲಿಲ್ಲ’ ಎಂದು ಬರೆದಿದ್ದಳು. ಗಾಳಿಯ ಕಾಲಂನಲ್ಲಿ, ‘ಪಡುವಣದಿಂದ. ಹುಣಸೆಯ ಎಲೆ ಆಡಿತು, ಕೊಂಬೆ ಆಡಲಿಲ್ಲ.’ ಸಂಜೀವಪ್ಪ ಓದದೆಯೇ ಸಹಿ ಹಾಕಿದ್ದ. ಈಗ ಕಚೇರಿಯ ಪ್ರತಿ ತರಿಸಿಕೊಂಡು ಓದಿದರೆ, ಇದೇ ಬೆಟ್ಟವನ್ನು ಹತ್ತೊಂಬತ್ತು ವರ್ಷ ದಿನಾ ನೋಡಿದವನು ತಾನಲ್ಲವೇನೋ ಅನ್ನಿಸಿತು.

ಅಂಚೆಯ ಅಪ್ಪಯ್ಯಣ್ಣ ಸುದ್ದಿಯನ್ನು ಊರೆಲ್ಲ ಹರಡಿದ. ನಾಲ್ಕು ಜನ ಬಂದು ಸಂಜೀವಪ್ಪನ ಕೈ ಕುಲುಕಿ ಹೋದರು. ಅನುಸೂಯಮ್ಮ ಅವರಿಗೆಲ್ಲ ಕಾಫಿ ಕೊಟ್ಟಳು, ನಾನು ಬರೆದದ್ದು ಎಂದು ಬಾಯಿ ತಪ್ಪಿಯೂ ಅನ್ನಲಿಲ್ಲ. ಅಂದಿದ್ದರೆ ಗದರಿಸಿ ಬಾಯಿ ಮುಚ್ಚಿಸಬಹುದಿತ್ತು. ಅನ್ನದವಳನ್ನು ಏನೆಂದು ಗದರಿಸುವುದು? ಬೆಳಿಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದು ಕತ್ತೆತ್ತಿ ಆಕಾಶ ನೋಡುವುದನ್ನು ಕಿಟಕಿಯಿಂದ ನೋಡುತ್ತಿದ್ದ. ಮದುವೆಯಾದ ಇಷ್ಟು ವರ್ಷದಲ್ಲಿ ಅವಳ ಮುಖ ಹಾಗೆ ಬಿಚ್ಚಿಕೊಂಡದ್ದನ್ನು ಅವನು ಕಂಡಿರಲಿಲ್ಲ.

ಜುಲೈ ಕೊನೆಯ ಒಂದು ಸಂಜೆ ಅವಳು ಹಾಲು ತರಲು ಊರೊಳಕ್ಕೆ ಹೋದಳು. ಹದಿನೈದು ದಿನದಿಂದ ಹನಿ ಬಿದ್ದಿರಲಿಲ್ಲ. ಸಂಜೀವಪ್ಪ ಮಂಚದ ಪಕ್ಕದ ನೀರಿನ ಚೊಂಬು ಹಿಡಿದು, ಊರುಗೋಲು ಊರಿಕೊಂಡು, ಎರಡು ತಿಂಗಳಲ್ಲಿ ಮೊದಲ ಸಲ ಅಂಗಳಕ್ಕಿಳಿದ. ಮಳೆ ಅಳೆಯುವ ಪಾತ್ರೆಯ ಬಾಯಿಗೆ ನೀರು ಸುರಿದ. ಒಣ ದಿನದಲ್ಲಿ ಅವಳು ಮಳೆ ಬರೆಯಲಿ, ಪಕ್ಕದ ಹೊಸಕೋಟೆಯ ಕೇಂದ್ರದಲ್ಲಿ ಇಲ್ಲದ ಮಳೆ ಇಲ್ಲೆಲ್ಲಿಂದ ಬಂತು ಎಂದು ಕಚೇರಿಯವರೇ ಕೇಳಲಿ. ಆ ದಿನ ಅವನು ಒಂದು ಮುದ್ದೆ ಹೆಚ್ಚಿಗೇ ಉಂಡ.

ಆದರೆ ಬೆಳಗಿನ ಜಾವ ನಿಜವಾಗಿಯೂ ಮಳೆ ಬಂತು. ಅರ್ಧ ಗಂಟೆ ಹನಿದು ನಿಂತಿತು.

ಎಂಟೂವರೆಗೆ ಅಳತೆ ನೋಡಲು ಹೋದ ಅನುಸೂಯಮ್ಮ ಬಹಳ ಹೊತ್ತು ಬರಲಿಲ್ಲ. ಬಂದವಳು ರಿಜಿಸ್ಟರನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಕಾಲ್ದೆಸೆಯಲ್ಲಿ ಕೂತಳು. ಅಳತೆಯ ಗಾಜಿನಲ್ಲಿ ಇಪ್ಪತ್ಮೂರು ಮಿಲಿಮೀಟರ್ ಬಂದಿದೆ, ಅಷ್ಟು ಮಳೆಗೆ ಅಂಗಳದ ಮಣ್ಣು ಎರಡು ಬೆರಳೂ ನೆನೆದಿಲ್ಲ ಎಂದಳು. ಹೊಸಿಲಿಂದ ಪಾತ್ರೆಯವರೆಗೆ ಊರುಗೋಲಿನ ಗುಳಿಗಳು ಬಿದ್ದಿವೆ, ಅವುಗಳಲ್ಲಿ ನೀರು ನಿಂತಿದೆ ಎಂದಳು. ಅವಳು ದನಿ ಏರಿಸಲೂ ಇಲ್ಲ, ಯಾಕೆ ಎಂದು ಕೇಳಲೂ ಇಲ್ಲ.

“ಜಾವದಲ್ಲಿ ಬಿದ್ದದ್ದು ನಿಜವಾದ ಮಳೆ. ಅದನ್ನ ಬರೀದೆ ಬಿಡೋಕಾಗಲ್ಲ. ನೀವು ಸುರಿದದ್ದು ಕಳೆದ್ರೆ ಉಳಿದದ್ದು ಅದು. ಎಷ್ಟು ಸುರಿದ್ರಿ?”

ನಾನಲ್ಲ ಎಂದುಬಿಟ್ಟರೆ ಮುಗಿಯಿತು. ಇಪ್ಪತ್ಮೂರು ಅವಳ ಅಕ್ಷರದಲ್ಲಿ ಬೆಂಗಳೂರಿಗೆ ಹೋಗುತ್ತದೆ, ತಪ್ಪು ಅವಳದಾಗುತ್ತದೆ. ಅವನು ಬಯಸಿದ್ದೂ ಅದನ್ನೇ. ಸಂಜೀವಪ್ಪ ಗೋಡೆಯ ಕಡೆ ನೋಡಿದ. ಆ ದಾಖಲೆಯ ಎಪ್ಪತ್ಮೂರು ವರ್ಷದಲ್ಲಿ ಯಾರೂ ಮಾಡದ್ದನ್ನು ತಾನು ಮಾಡಿದ್ದ.

“ಅಳ್ದು ಸುರೀಲಿಲ್ಲ ಕಣೇ,” ಎಂದ.

ಅನುಸೂಯಮ್ಮ ಎದ್ದು ಹೋಗಿ ಅಳತೆಯ ಗಾಜು ತಂದಳು. ಚೊಂಬಿಗೆ ಹಿಂದಿನ ದಿನ ತಾನು ತುಂಬಿಟ್ಟಿದ್ದಷ್ಟೇ ನೀರು ತುಂಬಿ ಅವನ ಕೈಗಿತ್ತಳು. ನಿನ್ನೆ ಸುರಿದ ಹಾಗೇ ಈ ಗಾಜಿಗೆ ಸುರಿಯಿರಿ, ಅಷ್ಟೇ ಸುರಿಯಿರಿ ಎಂದಳು. ಅವನು ಸುರಿದ. ನಿಲ್ಲಿಸಿದ. ಅವಳು ಗಾಜನ್ನು ಕಿಟಕಿಯ ಬೆಳಕಿಗೆ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಒಂಬತ್ತಿತ್ತು; ಇಪ್ಪತ್ಮೂರರಲ್ಲಿ ಕಳೆದರೆ ಮಳೆ ಹದಿನಾಲ್ಕು. ಪೆನ್ಸಿಲ್ ಕೈಗೆತ್ತಿಕೊಂಡು, ಬರೆಯುವ ಮೊದಲು ಅವನ ಮುಖ ನೋಡಿದಳು.

“ಇಷ್ಟೇನಾ?”

ಸಂಜೀವಪ್ಪ ಚೊಂಬಿನೊಳಗೆ ಇಣುಕಿ ಉಳಿದ ನೀರು ನೋಡಿದ.

“ಇಲ್ಲ. ಇನ್ನೂ ಇತ್ತು,” ಎಂದು ಚೊಂಬನ್ನು ಮತ್ತೆ ಬಗ್ಗಿಸಿದ.