ಇಬ್ಬರು ಡಾಕ್ಟರು, ಒಂದು ಬೆರಳು

ಹಾರ್ಟಿನಲ್ಲಿ ತೂತಿದ್ದ ಆರು ವರ್ಷದ ಹುಡುಗಿ. ಬಿಳಿ ಕೋಟು ಕಂಡರೆ ಬಾಯಿ ಕಟ್ಟಿಹೋಗುವ ಮಗು. ಸ್ಕ್ಯಾನಿನಲ್ಲಿ ರಕ್ತನಾಳ ಸರಿಯಾಗಿ ಕಾಣಲೆಂದು ಬೆಳಿಗ್ಗೆ ಅವಳಿಗೊಂದು ಔಷಧಿ ಚುಚ್ಚಿದ್ದರು. ಇಂಥ ಮಕ್ಕಳಲ್ಲಿ ಆ ಔಷಧಿ ಕಿಡ್ನಿಗೆ ಪೆಟ್ಟು ಕೊಡುವುದುಂಟು. ಉಚ್ಚೆ ಬಂದರೆ ಎಲ್ಲರಿಗೂ ನಿರಾಳ. ಮಧ್ಯಾಹ್ನವಾದರೂ ಒಂದು ತೊಟ್ಟೂ ಬಂದಿರಲಿಲ್ಲ.

ತಾಯಿಯನ್ನು ಐಸಿಯು ಹೊರಗೆ ಕೂರಿಸಿದ್ದರು. ಮಂಚದ ಆಚೆಗೊಬ್ಬರು, ಈಚೆಗೊಬ್ಬರು ದೊಡ್ಡ ಡಾಕ್ಟರು. ಇಬ್ಬರ ಹೆಸರಿನ ಮುಂದೆಯೂ ರೈಲುಬೋಗಿಗಳಂತೆ ಡಿಗ್ರಿಗಳ ಸಾಲು.

"ನಿಮ್ಮ ಸ್ಕ್ಯಾನೇ ಕಿಡ್ನಿ ಹಾಳ್ಮಾಡಿದ್ದು. ಡ್ರಿಪ್ ಜಾಸ್ತಿ ಮಾಡಿ," ಎಂದರು ಕಿಡ್ನಿ ಡಾಕ್ಟರು.

"ಅಷ್ಟು ನೀರು ಬಿಟ್ರೆ ಹಾರ್ಟ್ ತಡೆಯುತ್ತೇನ್ರೀ?" ಎಂದರು ಹಾರ್ಟ್ ಡಾಕ್ಟರು.

ಹುಡುಗಿ ಮೆಲ್ಲಗೆ ಒಂದು ಬೆರಳೆತ್ತಿದಳು.

ಹಾರ್ಟ್ ಡಾಕ್ಟರು ಅದನ್ನು ಹಿಡಿದುಕೊಂಡರು. "ನೋಡಿ, ಉಗುರು ನೀಲಿ. ಇದು ಹಾರ್ಟಿಂದೇ."

ಕಿಡ್ನಿ ಡಾಕ್ಟರು ಅದನ್ನು ಕಿತ್ತುಕೊಂಡು ಅಮುಕಿದರು. "ಊದಿದೆ ರೀ, ಕಿಡ್ನಿದೇ. ಡಯಾಲಿಸಿಸ್‌ಗೆ ರೆಡಿ ಮಾಡ್ಸಿ."

ಹುಡುಗಿ ಕೈ ಬಿಡಿಸಿಕೊಂಡು ಅದೇ ಬೆರಳನ್ನು ಇನ್ನೂ ಎತ್ತರಕ್ಕೆ ಹಿಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಬೆರಳು ನೋಯ್ತಿರ್ಬೇಕು. ಎಕ್ಸ್‌ರೇ ತೆಗೆಸೋಣ," ಎಂದರು ಇಬ್ಬರೂ. ಆ ದಿನ ಅವರಿಬ್ಬರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

ನೆಲ ಒರೆಸುತ್ತಿದ್ದ ಆಯಾ ಕೋಲನ್ನು ಗೋಡೆಗೆ ಒರಗಿಸಿ, ಬೆಡ್‌ಪ್ಯಾನ್ ಹಿಡಿದು ಬಂದಳು.

"ಒಸಿ ಜರುಗಿ ಸಾರ್. ಅದು ಕಿರುಬೆರಳು. ನೀವಿಬ್ರೂ ಇಸ್ಕೂಲ್ ಮೆಟ್ಲೇ ಹತ್ತಿಲ್ವಾ? ಮಗಾ ಆಗ್ಲಿಂದ ಒಂದಕ್ಕೆ ಬಿಡಿ ಅಂತ ಕೇಳ್ತಾ ಐತೆ!"