ಪ್ರೇರಣೆ: ಹೆಂಡತಿ

ಮೇಸ್ತ್ರಿಯ ಹೆಂಡತಿ ಅಡುಗೆಮನೆಯ ನೆಲ ಒರೆಸುತ್ತಾ ಬಾಗಿಲ ಹತ್ತಿರ ಬಂದಿದ್ದಳು. ಅಲ್ಲೊಂದು ಚಪ್ಪಡಿ ಕಲ್ಲು ಸಡಿಲ. ಕಾಲಿಟ್ಟರೆ ‘ಟಕ್’ ಅನ್ನುತ್ತದೆ, ಅಡಿಯಿಂದ ಕೊಳೆನೀರು ಪಿಚಕ್ಕನೆ ಹಾರುತ್ತದೆ. ಹನ್ನೊಂದು ವರ್ಷದಿಂದ ಆ ಕಲ್ಲನ್ನು ದಾಟಿಕೊಂಡೇ ಓಡಾಟ. ಗಂಡ ಊರಿನ ಅರ್ಧ ಮನೆಗಳಿಗೆ ನೆಲ ಹಾಸಿದವನು ಅನ್ನುವ ಮಾತನ್ನು ಆಕೆ ಯಾರ ಮುಂದೂ ಎತ್ತುತ್ತಿರಲಿಲ್ಲ.

ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತ. ಮುಖ ಹರಳೆಣ್ಣೆ ಕುಡಿದ ಹಾಗಿತ್ತು.

“ಪತ್ರ ಬರೆದ್ಯೇನೇ? ಇವತ್ತು ಅಂಚೆಗೆ ಬೀಳದಿದ್ರೆ ಅರ್ಜಿ ಸತ್ತ ಹಾಗಂತೆ.”

“ಸುಳ್ಳು ಬರೆಯಲ್ಲ ಅಂತ ನಾಲ್ಕು ತಿಂಗಳಿಂದ ಹೇಳ್ತಾನೇ ಇದೀನಿ. ಒರೆಸಿದ ಜಾಗ ತುಳೀಬೇಡಿ.”

ತುಳಿದುಕೊಂಡೇ ಒಳಗೆ ಬಂದ.

ಸಂಗತಿ ಇಷ್ಟೇ. ಸಮುದಾಯ ಭವನದ ಮೂರನೇ ಮೆಟ್ಟಿಲು ಒಡೆದು, ಇವರ ಮನೆಯಲ್ಲೇ ಇದ್ದ ಆಕೆಯ ಅಕ್ಕ ಅಲ್ಲಿ ಮುಗ್ಗರಿಸಿ ಬಿದ್ದಿದ್ದಳು. ಎತ್ತಿಕೊಂಡು ಬಂದವನು ಮೇಸ್ತ್ರಿಯೇ. ಅಂದಿನಿಂದ ಅಕ್ಕ ಮನೆಯ ಹೊಸ್ತಿಲು ದಾಟಿರಲಿಲ್ಲ. ಹಿಂದಿನ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಭವನದ ಓದುವ ಕೋಣೆ ಅಂದರೆ ಅವಳಿಗೆ ಪ್ರಾಣ. ತಲೆ ನರೆತ ತಂಗಿಯನ್ನು ಅಲ್ಲೇ ಕೂರಿಸಿ, ಕೈ ಹಿಡಿದು ಅಕ್ಷರ ತಿದ್ದಿಸಿದ್ದಳು. ತಂಗಿ ಗಂಡನಿಗೆ, “ಆ ಮೆಟ್ಟಿಲು ಸರಿಮಾಡಿ ಬನ್ನಿ” ಎಂದಳು. ಎಂದೂ ಇಲ್ಲದವನು ಮಾರನೆಯ ದಿನವೇ ಕರಣೆ ಹಿಡಿದು ಹೊರಟ. ಆದರೆ ಸಾರ್ವಜನಿಕ ಕಟ್ಟಡದಲ್ಲಿ ಪುಕ್ಕಟೆ ದುಡಿಯುವುದಕ್ಕೂ ಅರ್ಜಿ ಹಾಕಬೇಕಿತ್ತು. ಅರ್ಜಿಯಲ್ಲಿ ‘ಕೆಲಸಕ್ಕೆ ಪ್ರೇರಣೆ’ ಎಂದು ಕೇಳಿದ ಕಡೆ ಎಲ್ಲರೂ ‘ಸೇವಾ ಮನೋಭಾವ’ ಎಂದು ಬರೆಯುತ್ತಾರೆ. ಮೇಸ್ತ್ರಿ ‘ಹೆಂಡತಿ’ ಎಂದು ಬರೆದ.

ಕಚೇರಿಯ ಗುಮಾಸ್ತ ಆ ಪದದ ಕೆಳಗೆ ಕೆಂಪು ಗೆರೆ ಎಳೆದಿದ್ದ. “ಏಳನೇ ನಿಯಮ ಓದಿದ್ರಾ ಮೇಸ್ತ್ರಿಗಳೇ? ಸ್ವಯಂಸೇವಕನು ಅನ್ಯರ ಹೇಳಿಕೆಯ ಮೇರೆಗೆ ಬಂದಿರತಕ್ಕದ್ದಲ್ಲ.”

“ಹೆಂಡತಿ ಅನ್ಯರಾ ಸ್ವಾಮಿ?”

“ನೀವೇನು ನಿಮ್ಮ ಹೆಂಡತಿಯಾ?”

“ಅಲ್ಲ.”

“ಮತ್ತೆ? ಅನ್ಯರೇ ಆಯ್ತಲ್ಲ.”

“ಹಾಗಾದ್ರೆ ಹೊಡೆದುಹಾಕಿ ಬೇರೆ ಬರೀಲಾ?”

“ಬರೆದ್ರೆ ಅದು ನಾನು ಹೇಳಿ ಬರೆಸಿದ ಹಾಗಾಗತ್ತೆ.” ಗುಮಾಸ್ತ ನಿಜವಾಗಿ ನೊಂದುಕೊಂಡಿದ್ದ. ಕೆಲಸ ಹೇಳಿದವರು ನಿಯಮದ ಪ್ರಕಾರ ಗುತ್ತಿಗೆದಾರರು. ಹಾಗಾಗಿ ಹೆಂಡತಿ ಗುತ್ತಿಗೆದಾರರ ಪರವಾನಗಿ ತರಬೇಕು. ಇಲ್ಲವೇ, ‘ಇವರು ನನ್ನ ಮಾತಿನಂತೆ ಈ ಕೆಲಸಕ್ಕೆ ಬಂದಿಲ್ಲ’ ಎಂದು ಸ್ವಂತ ಕೈಬರಹದಲ್ಲಿ ಬರೆದು ಅಂಚೆಯ ಮೂಲಕ ಕಳಿಸಬೇಕು. ಕೈಯಲ್ಲಿ ತಂದುಕೊಟ್ಟರೆ ಒತ್ತಾಯ ಎನಿಸುತ್ತದೆ.

“ನಾನು ಹೇಳಿದ್ದು ಹೌದು ತಾನೆ?” ಹೆಂಡತಿ ಒರೆಸುವ ಬಟ್ಟೆ ಹಿಂಡಿದಳು. “ಅಕ್ಕ ಕಲಿಸಿದ ಅಕ್ಷರದಲ್ಲಿ ಹೇಳಿಲ್ಲ ಅಂತ ಹೇಗೆ ಬರೀಲಿ?”

ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ನೀರಿಗೆ ಬಂದಳು. ಟಕ್. ಪಿಚಕ್.

“ಥೂ, ಕಾಲೆಲ್ಲ ಕೊಳೆ! ಈ ಕಲ್ಲು ಕೂರಿಸೋಕೆ ಹೇಳೇ ಅಂದ್ರೆ…”

“ಹನ್ನೊಂದು ವರ್ಷದಿಂದ ಹೇಳ್ತಿಲ್ವೇನಕ್ಕಾ?”

“ಹೇಳಿ ಏನು ಬಂತು? ನಿನ್ನ ಗಂಡ ನಿನ್ನ ಮಾತಿಗೆ ಯಾವತ್ತು ಒಂದು ಕಲ್ಲು ಎತ್ತಿಟ್ಟಿದಾನೆ?”

ಹೆಂಡತಿ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. ಡಬ್ಬಿಯ ಕೆಳಗಿದ್ದ ಕಾಗದ ಎಳೆದು, ನಿಂತಲ್ಲೇ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು:

“ಮಾನ್ಯರೇ, ಮೆಟ್ಟಿಲು ಸರಿಮಾಡಿ ಎಂದು ನಾನು ಹೇಳಿದ್ದು ನಿಜ. ಆದರೆ ನಾನು ಹೇಳಿದ್ದನ್ನು ಇವರು ಮಾಡುವವರಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು, ಒಂದು ಸಲವೂ ಮಾಡಿಲ್ಲ. ಪುರಾವೆಗೆ ತಾವು ನಮ್ಮ ಅಡುಗೆಮನೆಯ ಬಾಗಿಲ ಬಳಿಯ ಕಲ್ಲನ್ನು ಖುದ್ದಾಗಿ ತುಳಿದು ನೋಡಬಹುದು. ಬಿದ್ದ ಅಕ್ಕನನ್ನು ಎತ್ತಿಕೊಂಡು ಬಂದ ದಿನ ಇವರು ಊಟ ಮಾಡಲಿಲ್ಲ. ಈ ಕೆಲಸ ಇವರ ಸ್ವಂತ ಬುದ್ಧಿಯದೇ.”

ಮೇಸ್ತ್ರಿಯ ಮುಖ ಮೊದಲು ಅರಳಿತು, ಆಮೇಲೆ ಬಾಡಿತು. “ಕಚೇರಿಯವರು ಬಂದು ನೋಡೋದಾ? ನನ್ನ ಮನೆ ನೆಲಾನಾ? ನನ್ನ ಮಾನ ಏನಾಗಬೇಡ!” ಎಂದವನೇ ಹಿತ್ತಲಿಗೆ ಹಾರಿದ. ಆಕೆ ಲಕೋಟೆಗೆ ಅಂಟು ಸವರುವಷ್ಟರಲ್ಲಿ ಬಾಂಡ್ಲಿಯಲ್ಲಿ ಸಿಮೆಂಟು ಕಲಸಿ ತಂದು ಕಲ್ಲಿನ ಮುಂದೆ ಕುಕ್ಕರಿಸಿದ್ದ. ಹನ್ನೊಂದು ವರ್ಷ ಆಗದ್ದು ಐದು ನಿಮಿಷದಲ್ಲಿ ಆಗುವುದರಲ್ಲಿತ್ತು.

“ಮುಟ್ಟಬೇಡಿ! ಅದು ಪುರಾವೆ! ಇಡ್ರೀ ಕರಣೆ ಕೆಳಗೆ!”

ಮೇಸ್ತ್ರಿ ಕರಣೆಯನ್ನು ಕೆಳಗಿಟ್ಟ.

ಮೇಸ್ತ್ರಿ ತನ್ನ ಬರಿಗೈ ನೋಡಿಕೊಂಡ. ಹೆಂಡತಿ ಕರಣೆಯನ್ನು ನೋಡಿದಳು. ಅಕ್ಕ ನೀರಿನ ಲೋಟವನ್ನು ತುಟಿಯ ಹತ್ತಿರವೇ ಹಿಡಿದು ನಿಂತಿದ್ದಳು.

“ಅಯ್ಯೋ, ನಿನ್ನ ಮಾತು ಕೇಳಿಬಿಟ್ಟನಲ್ಲೇ!” ಎಂದಳು ಅಕ್ಕ. “ನಿಂತ್ಕೊಂಡು ಏನು ನೋಡ್ತೀಯ? ಓಡಿ ಹೋಗಿ ಅಂಚೆಗೆ ಹಾಕು. ಇವನು ಇನ್ನೊಂದು ಮಾತು ಕೇಳಿದ್ರೆ ಬರೆದದ್ದೆಲ್ಲ ಸುಳ್ಳಾಗತ್ತಲ್ಲೇ!”

ಹೆಂಡತಿ ಕೈಯ ಒದ್ದೆಯನ್ನೂ ಒರೆಸಿಕೊಳ್ಳದೆ ಮನೆಯೆದುರು ಬೀದಿಯ ಆಚೆ ಬದಿಗೆ ಓಡಿದಳು. ಅಂಚೆ ಡಬ್ಬಿಯ ಬಾಯೊಳಗೆ ಬೆರಳು ಹೋಗುವಷ್ಟೂ ತೂರಿಸಿ ಪತ್ರವನ್ನು ದೂಡಿದಳು. ಒಳಗೆ ಬಿದ್ದ ಸದ್ದು ಕೇಳಿಸಿದ ಮೇಲೆ ತಿರುಗಿ ನೋಡಿದಳು. ತೆರೆದ ಬಾಗಿಲಾಚೆ, ಗಟ್ಟಿಯಾಗುತ್ತಿದ್ದ ಸಿಮೆಂಟಿನ ಪಕ್ಕ, ಮೇಸ್ತ್ರಿ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಆಕೆ ಮುಂದೇನು ಹೇಳುತ್ತಾಳೋ ಎಂದು ಕಾಯುತ್ತಾ ಕೂತಿದ್ದ.