ತಟ್ಟೆಯಲ್ಲಿ ಮಿಡಿದದ್ದು

"ಲ್ಯಾಬ್ ಕೋಟು ಬಿಚ್ಚಿ ಇವನಿಗೆ ಕೊಡಮ್ಮ, ಒಂದು ಫೋಟೋ ತೆಗೀಬೇಕು," ಎಂದರು ಪ್ರೊಫೆಸರ್ ನಾಮ್‌ಗುಂಗ್. ಹೈಸ್ಕೂಲಿನಿಂದ ಇಂಟರ್ನ್ ಆಗಿ ಬಂದಿದ್ದ ದಾಸೊಲ್ ರಜೆಯಿಡೀ ಸಿಯೋಲ್‌ನ ಆ ಲ್ಯಾಬಿನಲ್ಲಿ ಹೃದಯದ ಜೀವಕೋಶಗಳನ್ನು ಬೆಳೆಸಿದ್ದಳು. ಬೆಳಿಗ್ಗೆಯಷ್ಟೇ ಅವು ಗಾಜಿನ ತಟ್ಟೆಯಲ್ಲಿ ಮಿಡಿಯತೊಡಗಿದ್ದವು. ಈಗ ಆ ತಟ್ಟೆ ಹಿಡಿದು ನಿಂತವನು ಇವತ್ತೇ ಮೊದಲು ಇಲ್ಲಿಗೆ ಕಾಲಿಟ್ಟ ಒಬ್ಬ ಡಾಕ್ಟರ ಮಗ.

"ಸಂಶೋಧನಾ ಪ್ರಬಂಧದಲ್ಲಿ ನನ್ನ ಹೆಸರು, ಸರ್?"

"ಇವನದು ಹಾಕಿದೀನಿ. ಇವರಪ್ಪ ತಮ್ಮ ಆಸ್ಪತ್ರೆ ಪ್ರಬಂಧಕ್ಕೆ ನನ್ನ ಮಗಳ ಹೆಸರು ಹಾಕ್ತಾರೆ, ಕಾಲೇಜ್ ಸೀಟಿಗೆ ಬೇಕಲ್ಲ. ನಿಮ್ಮಪ್ಪ ಏನು ಕೊಡ್ತಾರಮ್ಮ, ತಮ್ಮ ಅಂಗಡೀಲಿ ಕರಿದ ಕೋಳಿನಾ?"

ಹುಡುಗ ಕಿಸಕ್ಕನೆ ನಕ್ಕ.

ದಾಸೊಲ್ ತಟ್ಟೆ ಕಿತ್ತುಕೊಂಡು, ಮೇಜಿನ ಮೇಲಿದ್ದ ಬ್ಲೀಚನ್ನು ಅದರೊಳಕ್ಕೆ ಸುರಿದಳು. ಮಿಡಿತ ನಿಂತುಹೋಯಿತು. ತಟ್ಟೆಯನ್ನು ಮತ್ತೆ ಅವನ ಕೈಗೇ ತುರುಕಿದಳು.

"ತಗೊಳೋ. ಇದಕ್ಕೆ ಹಾಕ್ಕೋ ನಿನ್ನ ಹೆಸರು."